ಶವರ್ ಇರುವ ಸಣ್ಣ ಬಾತ್‌ರೂಮಿಗೆ ಯಾವ ಲೈಟು?

ಸಣ್ಣ ಬಾತ್‌ರೂಮಿನ ಲೈಟಿನ ಬಗ್ಗೆ ಕೇಳಿಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ. ಸೀಲಿಂಗಿಗೆ ದುಂಡನೆಯ ಲೈಟೊಂದು ಹಾಕಿದರೆ ಸಾಕೇ? ಫಾಲ್ಸ್ ಸೀಲಿಂಗ್ ಮಾಡಿಸಿ ಮೂರು ಡೌನ್‌ಲೈಟ್ ಕೂರಿಸಬೇಕೇ? ಲೈಟಿರುವ ಕನ್ನಡಿ ತಂದರೆ ಬೇರೆ ದೀಪ ಬೇಡವೇ? ಗೋಡೆಗೂಡಿನಲ್ಲಿ ಎಲ್‌ಇಡಿ ಸ್ಟ್ರಿಪ್ ಹಾಕಿದರೆ ನೀರಿಗೆ ಕೆಟ್ಟುಹೋಗುತ್ತದೆಯೇ?

ಅಂಗಡಿಯಲ್ಲಿ ದೀಪಗಳನ್ನು ನೋಡುತ್ತ ನಿಂತರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಅಲ್ಲಿ ಎಲ್ಲವೂ ಚೆನ್ನಾಗಿಯೇ ಉರಿಯುತ್ತಿರುತ್ತವೆ. ಹೊರಡುವ ಮೊದಲು ಬಾತ್‌ರೂಮಿನೊಳಗೇ ನಿಂತು ಎರಡು ಸಂಗತಿ ನೋಡಿಕೊಳ್ಳಿ: ನೀರು ಎಲ್ಲಿಯವರೆಗೆ ಹಾರುತ್ತದೆ, ಕನ್ನಡಿಯೆದುರು ನಿಂತಾಗ ಮುಖ ಎಲ್ಲಿರುತ್ತದೆ. ಯಾವ ಲೈಟು ಹಾಕಲೇಬಾರದು ಎಂಬುದನ್ನು ನೀರು ತೀರ್ಮಾನಿಸುತ್ತದೆ. ಹಾಕುವ ಲೈಟು ಎಲ್ಲಿರಬೇಕು ಎಂಬುದನ್ನು ಮುಖ ತೀರ್ಮಾನಿಸುತ್ತದೆ. ವಾಟ್, ಬಣ್ಣ, ಅಂದಚಂದ ಎಲ್ಲ ಆಮೇಲಿನ ಮಾತು.

ನೀರಿನ ಲೆಕ್ಕ

ಸ್ನಾನದ ಜಾಗದ ವೈರಿಂಗಿಗೆಂದೇ ಐಇಸಿ 60364-7-701 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅದು ಬಾತ್‌ರೂಮನ್ನು ವಲಯಗಳಾಗಿ ಭಾಗ ಮಾಡುತ್ತದೆ. ಟಬ್ಬು ಅಥವಾ ಶವರ್ ತಟ್ಟೆಯ (ಶವರಿನಡಿ ನೆಲದಲ್ಲಿ ನೀರು ಹಿಡಿಯುವ ತಟ್ಟೆ) ಒಳಗು 0 ವಲಯ. ಅದರ ನೇರ ಮೇಲೆ, ನೆಲದಿಂದ 2.25 ಮೀಟರ್ ಎತ್ತರದವರೆಗೆ 1ನೇ ವಲಯ. ಶವರ್ ತಲೆ ಅದಕ್ಕಿಂತ ಮೇಲಿದ್ದರೆ ವಲಯವೂ ಅಲ್ಲಿಯವರೆಗೆ ಏರುತ್ತದೆ. ಅಲ್ಲಿಂದ ಆಚೆಗೆ 60 ಸೆಂ.ಮೀ. ಅಗಲದ ಪಟ್ಟಿ 2ನೇ ವಲಯ.

ತಟ್ಟೆಯಿಲ್ಲದೆ ನೆಲಕ್ಕೇ ನೀರು ಬೀಳುವ ಶವರ್ ಆದರೆ ಲೆಕ್ಕ ಬೇರೆ. ಅಲ್ಲಿ 2ನೇ ವಲಯವೇ ಇಲ್ಲ. ನೀರು ಹೊರಬರುವ ಜಾಗದಿಂದ ಸುತ್ತ 1.2 ಮೀಟರ್ ಪೂರ್ತಿ 1ನೇ ವಲಯ. ಒಂದೂವರೆ ಮೀಟರ್ ಅಗಲ, ಎರಡು ಮೀಟರ್ ಉದ್ದದ ಬಾತ್‌ರೂಮಿನಲ್ಲಿ 1.2 ಮೀಟರ್ ಅಳೆದರೆ ಕೋಣೆಯ ಬಹುಪಾಲು ಅದರಲ್ಲೇ ಸೇರಿಹೋಗುತ್ತದೆ. ‘ಕನ್ನಡಿ ಶವರಿನಿಂದ ದೂರವಿದೆ’ ಅಂದುಕೊಂಡವರ ಕನ್ನಡಿಯೂ ಎಷ್ಟೋ ಸಲ ಒಳಗೇ ಇರುತ್ತದೆ. ನಡುವೆ ಅಲುಗಾಡದ ಗಾಜಿನ ತಡೆ ಇದ್ದರೆ ದಾರವನ್ನು ಅದರ ಅಂಚಿನ ಸುತ್ತ ಹಾಯಿಸಿ ಅಳೆಯಬಹುದು, ಆಗ ಜಾಗ ಸ್ವಲ್ಪ ಬಿಡುಗಡೆಯಾಗುತ್ತದೆ. ಬಟ್ಟೆಯ ಪರದೆ ತಡೆ ಅಲ್ಲ.

ಇನ್ನು ದೀಪದ ಮೇಲಿನ ಐಪಿ ಅಂಕೆ. ಇದು ಐಇಸಿ 60529ರ ಗುರುತು. ಮೊದಲ ಅಂಕೆ ಧೂಳಿಗೆ, ಎರಡನೆಯದು ನೀರಿಗೆ. ನಮಗೆ ಬೇಕಾದ್ದು ಎರಡನೆಯದು. 4 ಅಂದರೆ ಯಾವ ಕಡೆಯಿಂದ ನೀರು ಸಿಡಿದರೂ ತೊಂದರೆಯಿಲ್ಲ, 5 ಅಂದರೆ ಪೈಪಿನಿಂದ ನೇರ ನೀರು ಹೊಡೆದರೂ ತಡೆಯುತ್ತದೆ, 7 ಅಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ಹೋಗುವುದಿಲ್ಲ. 1 ಮತ್ತು 2ನೇ ವಲಯಕ್ಕೆ ಕನಿಷ್ಠ 4 ಬೇಕು, 0 ವಲಯಕ್ಕೆ 7. ಕೈಶವರ್ ಇರುವ ಮನೆಯಲ್ಲಿ, ಅದರಲ್ಲೂ ಮಕ್ಕಳಿದ್ದರೆ, ನೀರು ಸೀಲಿಂಗಿಗೂ ಹೋಗುತ್ತದೆ; ಶವರಿನ ಮೇಲೆ ಐಪಿ 65 ಹಾಕಿಬಿಡುವುದೇ ಸರಿ. 44ಕ್ಕೂ 65ಕ್ಕೂ ಬೆಲೆಯ ವ್ಯತ್ಯಾಸ ಸಾಮಾನ್ಯವಾಗಿ ದೊಡ್ಡದಲ್ಲ.

ಒಂದು ತಪ್ಪು ತಿಳಿವಳಿಕೆ ಹರಡಿಕೊಂಡಿದೆ: ಅಂಕೆ ದೊಡ್ಡದಾದಷ್ಟೂ ಎಲ್ಲ ಬಗೆಯ ನೀರಿಗೂ ಗಟ್ಟಿ ಎಂದು. ಹಾಗೇನಿಲ್ಲ. ಮುಳುಗುವ ಪರೀಕ್ಷೆಯಲ್ಲಿ ಪಾಸಾದ 7, ರಭಸದ ನೀರಿನ 5 ಅಥವಾ 6ರಲ್ಲೂ ಪಾಸಾಗಿದೆ ಎಂದು ಅರ್ಥವಲ್ಲ. ಎರಡರಲ್ಲೂ ಪಾಸಾಗಿದ್ದರೆ ಎರಡನ್ನೂ ಬರೆದಿರುತ್ತಾರೆ.

ಫಾಲ್ಸ್ ಸೀಲಿಂಗ್ ಯೋಚನೆಯಲ್ಲಿರುವವರು ಇದನ್ನೂ ಗಮನಿಸಿ. 2.4 ಮೀಟರ್ ಎತ್ತರದ ಸೀಲಿಂಗಿನಲ್ಲಿರುವ ದೀಪ ಲೆಕ್ಕಪ್ರಕಾರ ವಲಯದ ಹೊರಗಿದೆ. ಅದೇ ಸೀಲಿಂಗನ್ನು 20 ಸೆಂ.ಮೀ. ಇಳಿಸಿದರೆ 2.2 ಮೀಟರಿಗೆ ಬಂದು 1ನೇ ವಲಯದೊಳಗೆ ಬೀಳುತ್ತದೆ. ದೀಪ ಅದೇ, ಜಾಗ ಅದೇ, ಬೇಕಾದ ಐಪಿ ಮಾತ್ರ ಬದಲು. ನಿಮ್ಮ ದೇಶದ ವೈರಿಂಗ್ ನಿಯಮ ಇದಕ್ಕಿಂತ ಬಿಗಿಯಾಗಿದ್ದರೆ ಅದನ್ನೇ ಪಾಲಿಸಿ. ಯಾವ ದೀಪ ಹಾಕಿದರೂ ಆ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಡಿ (ಕರೆಂಟು ಸೋರಿದೊಡನೆ ಲೈನು ಕಡಿಯುವ ಸ್ವಿಚ್) ಇರಲೇಬೇಕು, ಇದರಲ್ಲಿ ಚೌಕಾಸಿ ಇಲ್ಲ.

ಬೆಳಕು ಎಷ್ಟು, ಯಾವ ಬಣ್ಣ

ವಾಟ್ ನೋಡಿ ದೀಪ ಕೊಳ್ಳುವ ಅಭ್ಯಾಸ ಹಳೆಯ ತಂತಿ ಬಲ್ಬಿನ ಕಾಲದ್ದು. ನೋಡಬೇಕಾದ್ದು ಲ್ಯೂಮೆನ್, ಅಂದರೆ ದೀಪ ಕೊಡುವ ಒಟ್ಟು ಬೆಳಕಿನ ಅಳತೆ. ಕೆಲಸದ ಸ್ಥಳಗಳ ಸ್ನಾನದ ಕೋಣೆ, ಶೌಚಾಲಯಗಳಿಗೆ ಯುರೋಪಿನ ಇಎನ್ 12464-1 ಮಾನದಂಡ ಹೇಳುವುದು 200 ಲಕ್ಸ್, ಅಂದರೆ ಚದರ ಮೀಟರಿಗೆ 200 ಲ್ಯೂಮೆನ್. ಮನೆಗೂ ಅದೇ ಅಳತೆ ಹಿಡಿದರೆ 3 ಚದರ ಮೀಟರಿಗೆ 600 ಲ್ಯೂಮೆನ್ ಬೇಕು. ಆದರೆ ದೀಪ ಕೊಟ್ಟಿದ್ದೆಲ್ಲ ಬೇಕಾದಲ್ಲಿಗೆ ತಲಪುವುದಿಲ್ಲ. ಗೋಡೆ, ಸೀಲಿಂಗು, ದೀಪದ ಮುಚ್ಚಳ ಸೇರಿ ಸುಮಾರು ಅರ್ಧ ನುಂಗುತ್ತವೆ. ಹಾಗಾಗಿ ಒಟ್ಟು 1,200 ಲ್ಯೂಮೆನ್ ಇಟ್ಟುಕೊಳ್ಳಿ. ಈಗಿನ ಎಲ್‌ಇಡಿ ವಾಟಿಗೆ 90ರಿಂದ 100 ಲ್ಯೂಮೆನ್ ಕೊಡುತ್ತದೆ. ಅಂದರೆ ಎಲ್ಲ ದೀಪ ಸೇರಿ 12–13 ವಾಟ್. ಇದು ತಿಳಿ ಬಣ್ಣದ ಟೈಲಿಗೆ. ಕಡುಬೂದು, ಕಪ್ಪು ಟೈಲು ಹಾಕಿಸಿದ್ದರೆ ಒಂದೂವರೆ ಪಟ್ಟು ಹಾಕಿದರೂ ಕೋಣೆ ಮಂಕಾಗಿಯೇ ಕಾಣಬಹುದು. ಅಂಥ ಕಡೆ ನೆಲಕ್ಕೆ ಬೆಳಕು ಸುರಿಯುವುದಕ್ಕಿಂತ ಗೋಡೆಗೆ ಬೀಳಿಸುವುದು ಹೆಚ್ಚು ಫಲ ಕೊಡುತ್ತದೆ.

ಬಣ್ಣದಲ್ಲಿ 2700–3000 ಕೆಲ್ವಿನ್ ಹಳದಿ ಛಾಯೆ, 4000 ನಡುವಿನದು, 6500 ನೀಲಿ ಬೆರೆತ ಬಿಳಿ. ಸಣ್ಣ ಬಾತ್‌ರೂಮಿಗೆ 6500 ನನ್ನ ಆಯ್ಕೆಯಲ್ಲ. ಬಿಳಿ ಟೈಲಿನ ಮೇಲೆ ಅದು ಆಸ್ಪತ್ರೆಯ ವಾರ್ಡಿನಂತೆ ಕಾಣುತ್ತದೆ, ಮುಖ ಸೊರಗಿದ ಹಾಗೆ ತೋರುತ್ತದೆ. 3000 ಅಥವಾ 4000ದಲ್ಲಿ ಒಂದನ್ನು ಆರಿಸಿ, ಕೋಣೆಯ ಎಲ್ಲ ದೀಪಕ್ಕೂ ಅದನ್ನೇ ಇಡಿ. ಸೀಲಿಂಗಿನದು ಬಿಳಿ, ಕನ್ನಡಿಯದು ಹಳದಿ ಆದರೆ ಮುಖದ ಒಂದೊಂದು ಭಾಗ ಒಂದೊಂದು ಬಣ್ಣ.

ಸಿಆರ್‌ಐ ಎಂಬ ಅಂಕೆಯೂ ಪೆಟ್ಟಿಗೆಯ ಮೇಲಿರುತ್ತದೆ. ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಎಂಬುದರ ಅಳತೆ ಅದು, ಪೂರ್ಣಾಂಕ 100. ಸೀಲಿಂಗಿಗೆ 80 ಸಾಕು. ಕನ್ನಡಿಯ ದೀಪಕ್ಕೆ 90 ಇರಲಿ. ಗಡ್ಡ ತೆಗೆಯುವಾಗ, ಮೇಕಪ್ ಮಾಡುವಾಗ, ಚರ್ಮದ ಮೇಲೆ ಕೆಂಪು ಗುಳ್ಳೆ ಎದ್ದಿದೆಯೇ ನೋಡುವಾಗ ವ್ಯತ್ಯಾಸ ಎದ್ದು ಕಾಣುತ್ತದೆ.

ಸೀಲಿಂಗಿಗೆ ಹೊರಗಿನಿಂದ ಹಾಕುವ ಮುಚ್ಚಿದ ಲೈಟು

ಹಾಲುಬಿಳುಪಿನ ಮುಚ್ಚಳದ, ದುಂಡಗೋ ಚೌಕವೋ ಇರುವ ಐಪಿ 54 ಅಥವಾ 65ರ ಲೈಟು. ಬಲ್ಕ್‌ಹೆಡ್ ಎಂದೂ ಕರೆಯುತ್ತಾರೆ. ನೋಡಲು ಅಂಥ ಚೆಲುವಿಲ್ಲ. ಆದರೂ ಒಂದೇ ಲೈಟು ಹಾಕುವಷ್ಟು ಅವಕಾಶವಿದ್ದರೆ ಇದನ್ನೇ ಹಾಕಿ. ಬೆಳಕು ಎಲ್ಲ ಕಡೆ ಹರಡುತ್ತದೆ, ಸೀಲಿಂಗು ಕೊರೆಯಬೇಕಿಲ್ಲ, ಹಳೆಯ ಹೋಲ್ಡರಿನ ಜಾಗಕ್ಕೇ ಕೂರುತ್ತದೆ, ಕೆಟ್ಟರೆ ಅರ್ಧ ಗಂಟೆಯಲ್ಲಿ ಬದಲಿಸಬಹುದು.

ಇದರ ದೌರ್ಬಲ್ಯ ಇರುವುದು ಜಾಗದಲ್ಲಿ. ಸೀಲಿಂಗಿನ ನಟ್ಟನಡುವೆ ಹಾಕಿದರೆ ಕನ್ನಡಿಯೆದುರು ನಿಂತವರ ಬೆನ್ನ ಹಿಂದೆ ಬೆಳಕು, ಮುಖದ ಮೇಲೆ ಅವರದೇ ನೆರಳು. ಅದನ್ನು ಕನ್ನಡಿಯ ಗೋಡೆಯ ಕಡೆಗೆ ಸರಿಸಿ, ಗೋಡೆಯಿಂದ 40–50 ಸೆಂ.ಮೀ. ಒಳಗೆ ಬರುವಂತೆ ಹಾಕಿದರೆ ಬೆಳಕು ಮುಖದ ಮುಂದಿನಿಂದ ಬೀಳುತ್ತದೆ. ಕೋಣೆ ಸಣ್ಣದಾದ್ದರಿಂದ ಶವರ್ ಮೂಲೆಗೂ ಬೆಳಕು ಸಾಲುತ್ತದೆ. ಖರ್ಚಿಲ್ಲದ ಬದಲಾವಣೆ, ಆದರೆ ಸೀಲಿಂಗಿನ ಪಾಯಿಂಟ್ ಬಿಡುವಾಗಲೇ ಹೇಳಬೇಕು. ಹೇಳದಿದ್ದರೆ ಎಲೆಕ್ಟ್ರಿಷಿಯನ್ ಮೂಲೆಯಿಂದ ಮೂಲೆಗೆ ದಾರ ಎಳೆದು ನಡುವನ್ನೇ ಹಿಡಿಯುತ್ತಾರೆ.

ಒಳಗೆ ಎಲ್‌ಇಡಿ ಅಂಟಿಸಿಯೇ ಬರುವ ಲೈಟು ಬೇಕೇ, ಬಲ್ಬು ಹಾಕುವಂಥದ್ದು ಬೇಕೇ? ಬಲ್ಬಿನದಾದರೆ ಕೆಟ್ಟಾಗ ಬಲ್ಬು ಮಾತ್ರ ಬದಲಿಸಿದರಾಯಿತು. ಆದರೆ ಪೂರ್ತಿ ಮುಚ್ಚಿದ ಗೂಡಿನೊಳಗೆ ಸಾಮಾನ್ಯ ಎಲ್‌ಇಡಿ ಬಲ್ಬು ಬಿಸಿಯಾಗಿ ಬೇಗ ಸಾಯುತ್ತದೆ. ಸಾಯುವುದು ಬೆಳಕು ಕೊಡುವ ಚಿಪ್ಪಿಗಿಂತ ಮೊದಲು ಬುಡದಲ್ಲಿರುವ ಕೆಪಾಸಿಟರ್. ಶಾಖ 10 ಡಿಗ್ರಿ ಏರಿದರೆ ಅದರ ಆಯುಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಎಲೆಕ್ಟ್ರಾನಿಕ್ಸಿನವರ ಹಳೆಯ ಅಂದಾಜು. ಹಾಗಾಗಿ ಮುಚ್ಚಿದ ಲೈಟಿಗೂ ಆಗುತ್ತದೆ ಎಂದು ಬರೆದಿರುವ ಬಲ್ಬನ್ನೇ ತನ್ನಿ, ವಾಟ್ ಕಡಿಮೆಯದಿರಲಿ. ಬರಿಯ ಹೋಲ್ಡರಿನಲ್ಲಿ ತೆರೆದ ಬಲ್ಬು, ಅಥವಾ ಕೋಣೆಗಳಿಗೆಂದು ಮಾಡಿದ ಐಪಿ 20ರ ತೆಳು ಪ್ಯಾನೆಲ್, ಶವರಿರುವ ಸಣ್ಣ ಕೋಣೆಗೆ ಬೇಡ. ಬಿಸಿನೀರಿನ ಹಬೆ ಮೊದಲು ಹೋಗಿ ಕೂರುವುದೇ ಅಲ್ಲಿ.

ಫಾಲ್ಸ್ ಸೀಲಿಂಗಿನೊಳಗೆ ಕೂರುವ ಡೌನ್‌ಲೈಟ್

ನೋಟ ನೀಟು, ತಲೆಯ ಮೇಲೆ ಏನೂ ಜೋತುಬಿದ್ದಿರುವುದಿಲ್ಲ. ಸೀಲಿಂಗು ಮೊದಲೇ ತಗ್ಗಿದ್ದವರಿಗೆ ಇದು ದೊಡ್ಡ ಅನುಕೂಲವೆನಿಸುತ್ತದೆ. ಆದರೆ ದೀಪಕ್ಕೂ ಡ್ರೈವರಿಗೂ (ಎಲ್‌ಇಡಿಗೆ ತಕ್ಕ ಕರೆಂಟು ಕೊಡುವ ಪುಟ್ಟ ಪೆಟ್ಟಿಗೆ) ಮೇಲೆ 6ರಿಂದ 10 ಸೆಂ.ಮೀ. ಬೇಕು. ಆ ಜಾಗ ಸಿಗಲೆಂದು ಸೀಲಿಂಗನ್ನೇ ಇಳಿಸಿದರೆ ಲಾಭವೇನು?

ಕೊಳ್ಳುವಾಗ ನೋಡಬೇಕಾದ್ದು ಎರಡು. ಬಹಳಷ್ಟು ಡೌನ್‌ಲೈಟುಗಳ ಐಪಿ 65 ಬರೇ ಮುಂಭಾಗಕ್ಕೆ ಸಲ್ಲುವಂಥದ್ದು. ಹಿಂಭಾಗ ಐಪಿ 20. ಮೇಲಿನ ಮನೆಯ ಪೈಪು ಸೋರಿದರೆ, ಅಥವಾ ಹಬೆ ಕೊರೆದ ತೂತಿನ ಸಂದಿಯಿಂದ ಮೇಲೇರಿ ಅಲ್ಲಿ ತಣಿದು ಹನಿಯಾದರೆ, ಆ ಅಂಕೆ ಏನೂ ಕಾಪಾಡದು. ಚೌಕಟ್ಟಿನ ಹಿಂದಿರುವ ರಬ್ಬರ್ ಗ್ಯಾಸ್ಕೆಟ್ ಸೀಲಿಂಗಿಗೆ ಸುತ್ತಲೂ ಒತ್ತಿಕೊಂಡಿರಬೇಕು. ತೂತು ಹೇಳಿದ ಅಳತೆಗಿಂತ ಐದು ಮಿ.ಮೀ. ದೊಡ್ಡದಾದರೂ ಗ್ಯಾಸ್ಕೆಟ್ ಅಂಚಿನಲ್ಲಿ ಹಿಡಿಯುವುದಿಲ್ಲ. ಕೈಯಳತೆಯಲ್ಲಿ ಕೊರೆಯದೆ ದೀಪದ ಪೆಟ್ಟಿಗೆ ನೋಡಿ ಅದೇ ಅಳತೆಯ ಹೋಲ್‌ಸಾದಿಂದ (ದುಂಡು ತೂತು ಕೊರೆಯುವ ಗರಗಸ) ಕೊರೆಸಿ.

ಇನ್ನೊಂದು, ಬೆಳಕಿನ ಕೋನ. ಸೀಲಿಂಗು 2.3 ಮೀಟರಿನಲ್ಲಿದ್ದು ಮುಖ 1.6 ಮೀಟರಿನಲ್ಲಿದ್ದರೆ ನಡುವೆ ಉಳಿಯುವುದು 70 ಸೆಂ.ಮೀ. 36 ಡಿಗ್ರಿಯ ದೀಪ ಅಷ್ಟು ದೂರದಲ್ಲಿ 45 ಸೆಂ.ಮೀ. ಅಗಲದ ಬೆಳಕಿನ ತಟ್ಟೆಯೊಂದನ್ನು ಮಾತ್ರ ಬಿಡಿಸುತ್ತದೆ. 60 ಡಿಗ್ರಿಯದು 80 ಸೆಂ.ಮೀ. ಕಿರಿದಾದ ಕೋನ ಅಂಗಡಿಯ ಷೋಕೇಸಿಗೆ ಚೆಂದ. ತಗ್ಗು ಸೀಲಿಂಗಿನ ಬಾತ್‌ರೂಮಿನಲ್ಲಿ ಹಣೆ, ಮೂಗು ಹೊಳೆದು ಕಣ್ಣು ಗುಳಿಬಿದ್ದಂತೆ ಕಾಣಿಸುತ್ತದೆ. 60 ಡಿಗ್ರಿಗಿಂತ ಕಡಿಮೆ ಬೇಡ, 90 ಸಿಕ್ಕರೆ ಇನ್ನೂ ಒಳ್ಳೆಯದು.

3 ಚದರ ಮೀಟರಿಗೆ 5–6 ವಾಟಿನ ಎರಡು ಸಾಕು: ಒಂದು ಶವರಿನ ಮೇಲೆ, ಇನ್ನೊಂದು ಬೇಸಿನ್ನಿನ ಮುಂದೆ. ಕನ್ನಡಿಗೆ ಬೇರೆ ದೀಪ ಇಲ್ಲದಿದ್ದರೆ ಮೂರನೆಯದು ಬೇಕಾಗುತ್ತದೆ. ಗೋಡೆಗೆ 15 ಸೆಂ.ಮೀ. ಹತ್ತಿರ ತಂದರೆ ಬೆಳಕು ಟೈಲಿನ ಮೇಲೆ ಸವರಿಕೊಂಡು ಇಳಿಯುತ್ತದೆ, ಅರ್ಧ ಮಿ.ಮೀ. ಮುಂದೆ ಬಂದ ಟೈಲಿನ ಅಂಚೂ ನೆರಳು ಬಿಟ್ಟು ಗಾರೆಯವರ ಕೆಲಸವನ್ನೆಲ್ಲ ಬಯಲಿಗೆಳೆಯುತ್ತದೆ. 30 ಸೆಂ.ಮೀ. ಅಥವಾ ಹೆಚ್ಚು ದೂರವಿಡಿ.

ಕನ್ನಡಿಯ ಲೈಟು

ಸಣ್ಣ ಬಾತ್‌ರೂಮಿನಲ್ಲಿ ಎರಡನೆಯ ದೀಪಕ್ಕೆ ಕಾಸು ಹಾಕುವುದಾದರೆ ಇಲ್ಲಿ ಹಾಕಿ. ಮೂರು ದಾರಿಗಳಿವೆ.

ಬೆಳಕಿನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯದು ಕನ್ನಡಿಯ ಎರಡೂ ಪಕ್ಕ ನಿಲ್ಲಿಸಿದ ಉದ್ದನೆಯ ದೀಪ. ನಡುಭಾಗ ನೆಲದಿಂದ 150–165 ಸೆಂ.ಮೀ.ಗೆ, ಅಂದರೆ ಕಣ್ಣಿನ ಮಟ್ಟಕ್ಕೆ ಬರಬೇಕು. ಎರಡೂ ಕೆನ್ನೆಗೆ ಸಮ ಬೆಳಕು, ಗದ್ದದ ಕೆಳಗೂ ನೆರಳಿಲ್ಲ. ಆದರೆ ಎರಡರ ನಡುವೆ 70–90 ಸೆಂ.ಮೀ. ಅಂತರ ಬೇಕು, ಪಕ್ಕಗಳಲ್ಲಿ ಖಾಲಿ ಗೋಡೆ ಬೇಕು, ಎರಡು ಪಾಯಿಂಟ್ ಬೇಕು. ಬೇಸಿನ್ನು ಮೂಲೆಯಲ್ಲಿದ್ದರೆ ಇದು ಆಗದ ಮಾತು. ಒಂದೇ ಪಕ್ಕಕ್ಕೆ ಹಾಕುವುದು ಎಲ್ಲಕ್ಕಿಂತ ಕೆಟ್ಟದ್ದು, ಅರ್ಧ ಮುಖ ಕತ್ತಲೆ.

ಕನ್ನಡಿಯ ಮೇಲೆ ಅಡ್ಡಕ್ಕೆ ಹಾಕುವ ದೀಪ ಬಹಳ ಮನೆಗಳಿಗೆ ಒಪ್ಪುವ ನಡುದಾರಿ. ಒಂದೇ ಪಾಯಿಂಟ್, ಎತ್ತರ ಸುಮಾರು ಎರಡು ಮೀಟರ್. ಉದ್ದ ಕನ್ನಡಿಯ ಮುಕ್ಕಾಲು ಭಾಗವಾದರೂ ಇರಲಿ; ಗಿಡ್ಡ ದೀಪ ನೆತ್ತಿಯನ್ನಷ್ಟೇ ಬೆಳಗುತ್ತದೆ. ಗದ್ದದ ಕೆಳಗೆ ಬೀಳುವ ನೆರಳನ್ನು ಬಿಳಿ ಬೇಸಿನ್ನು ತಕ್ಕಮಟ್ಟಿಗೆ ತುಂಬಿಕೊಡುತ್ತದೆ, ಕಪ್ಪು ಕಲ್ಲಿನ ಕೌಂಟರ್ ತುಂಬಿಕೊಡುವುದಿಲ್ಲ.

ಲೈಟಿರುವ ಕನ್ನಡಿಯ ವಿಷಯದಲ್ಲೇ ಜನ ಹೆಚ್ಚು ಮೋಸ ಹೋಗುವುದು. ಎರಡು ಜಾತಿಗಳಿವೆ. ಒಂದರಲ್ಲಿ ಗಾಜಿನ ಮೇಲೆಯೇ ಮಸುಕು ಪಟ್ಟಿಯಿದ್ದು ಬೆಳಕು ಮುಂದಕ್ಕೆ ಬರುತ್ತದೆ. ಇನ್ನೊಂದರಲ್ಲಿ ಬೆಳಕು ಹಿಂದಿನ ಗೋಡೆಗೆ ಬಿದ್ದು ಕನ್ನಡಿಯ ಸುತ್ತ ಪ್ರಭಾವಳಿ ಮೂಡುತ್ತದೆ. ಚಿತ್ರದಲ್ಲಿ ಎರಡನೆಯದೇ ಸುಂದರ. ಆದರೆ ಅದು ಬೆಳಗುವುದು ಗೋಡೆಯನ್ನು, ಮುಖವನ್ನಲ್ಲ. ಅಂಗಡಿಯಲ್ಲಿ ಪರೀಕ್ಷಿಸುವುದು ಸುಲಭ: ಕನ್ನಡಿಯಿಂದ 40 ಸೆಂ.ಮೀ. ದೂರ ನಿಂತು ಅಂಗೈಯನ್ನು ಕೆನ್ನೆಯ ಪಕ್ಕ, ಕನ್ನಡಿಗೆ ಮುಖಮಾಡಿ ಹಿಡಿಯಿರಿ. ಕನ್ನಡಿಯ ಲೈಟನ್ನು ಆರಿಸಿ ಹಚ್ಚಿಸಿ. ಅಂಗೈಯ ರೇಖೆಗಳು ಹಚ್ಚಿದಾಗ ಸ್ಪಷ್ಟವಾಗದಿದ್ದರೆ ಆ ಕನ್ನಡಿ ಅಲಂಕಾರಕ್ಕಷ್ಟೆ.

ಮುಂದಕ್ಕೆ ಬೆಳಕು ಬೀರುವ ಕನ್ನಡಿಯಲ್ಲೂ ಎರಡು ಕೊರತೆಗಳಿವೆ. ಎಲ್‌ಇಡಿ ಕೆಟ್ಟರೆ ಅನೇಕದರಲ್ಲಿ ಬಿಡಿಭಾಗ ಸಿಗುವುದಿಲ್ಲ, ಇಡೀ ಕನ್ನಡಿ ಬದಲಿಸಬೇಕಾಗುತ್ತದೆ. ಕೊಳ್ಳುವ ಮೊದಲು ಡ್ರೈವರ್ ಬಿಚ್ಚಿ ಬದಲಿಸಲು ಬರುತ್ತದೆಯೇ ಎಂದು ಹಿಂಬದಿ ತಿರುಗಿಸಿ ನೋಡಿ. ಎರಡನೆಯದು ಗಾಜಿನ ಮೇಲಿನ ಟಚ್ ಬಟನ್. ಹಬೆ ಹನಿಗಟ್ಟಿದಾಗ ಅದು ತಾನೇ ಹೊತ್ತಿಕೊಳ್ಳುವುದು, ಒದ್ದೆ ಬೆರಳಿಗೆ ಓಗೊಡದಿರುವುದು ಮಾಮೂಲು. ಹೊರಗಿನ ಸ್ವಿಚ್ಚಿಗೆ ನೇರ ಜೋಡಿಸಬಹುದಾದದ್ದನ್ನು ಆರಿಸಿ. ಕರೆಂಟು ಹೋಗಿ ಬಂದಾಗ ಹಿಂದಿನ ಸ್ಥಿತಿಗೆ ಬರುವಂಥದ್ದೇ ಎಂದೂ ಕೇಳಿ. ಮಂಜು ಹಿಡಿಯದಂತೆ ಹಿಂದೆ ಬಿಸಿ ಪ್ಯಾಡ್ ಇರುವುದು ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ, ಆದರೆ ಲೈಟಿನ ಜೊತೆಗೇ ಆರುವಂತಿರಲಿ. ಇಲ್ಲದಿದ್ದರೆ ದಿನವಿಡೀ ಬಿಸಿಯಾಗಿಯೇ ಇರುತ್ತದೆ.

ಗೂಡಿನಲ್ಲಿ, ಕೌಂಟರ್ ಕೆಳಗೆ ಸ್ಟ್ರಿಪ್

ಇದು ಮೂರನೆಯ ದೀಪವಾಗಿ ಬರಬೇಕೇ ಹೊರತು ಮೊದಲನೆಯದಾಗಿ ಅಲ್ಲ. ಶಾಂಪೂ ಇಡುವ ಗೂಡಿಗೆ ಹಾಕಿದರೆ ಕೋಣೆ ಒಂದು ಗೇಣು ಹಿರಿದಾದಂತೆ ಕಾಣುತ್ತದೆ, ರಾತ್ರಿ ದೊಡ್ಡ ಲೈಟು ಹಚ್ಚದೆ ಒಳಗೆ ಹೋಗಿಬರಬಹುದು. 24 ವೋಲ್ಟಿನದು ಇರಲಿ, ಶವರಿನೊಳಗೆ ಐಪಿ 67, ಅಂದರೆ ಪೂರ್ತಿ ಸಿಲಿಕೋನ್ ಕೊಳವೆಯಲ್ಲಿ ಕೂತದ್ದು. ಮೇಲೆ ಮಾತ್ರ ತೆಳುವಾಗಿ ಸಿಲಿಕೋನ್ ಬಳಿದದ್ದು ಇಲ್ಲಿ ಬಾಳುವುದಿಲ್ಲ.

ಸ್ಟ್ರಿಪ್ ಕೆಡುವುದು ಸಾಮಾನ್ಯವಾಗಿ ತುದಿಯಲ್ಲಿ. ಅಳತೆಗೆ ಕತ್ತರಿಸಿದ ಕ್ಷಣದಿಂದ ಐಪಿ ಹೋಯಿತು. ತುದಿಗೆ ಟೋಪಿ ಹಾಕಿ ಸಿಲಿಕೋನ್ ತುಂಬಿದ ಮೇಲೆಯೇ ಅದು ಮತ್ತೆ ಬರುವುದು. ವಿನಿಗರ್ ವಾಸನೆಯ ಸಿಲಿಕೋನ್ ಬಳಸಬೇಡಿ. ಅದು ಗಟ್ಟಿಯಾಗುವಾಗ ಬಿಡುವ ಅಸಿಟಿಕ್ ಆಮ್ಲ ತಾಮ್ರವನ್ನು ತಿನ್ನುತ್ತದೆ, ಕೆಲವು ತಿಂಗಳಲ್ಲಿ ತುದಿಯ ಎಲ್‌ಇಡಿಗಳು ಒಂದೊಂದಾಗಿ ಆರುತ್ತವೆ. ‘ನ್ಯೂಟ್ರಲ್ ಕ್ಯೂರ್’ ಎಂದು ಟ್ಯೂಬಿನ ಮೇಲೆ ಬರೆದಿರುವುದನ್ನು ತನ್ನಿ.

ಡ್ರೈವರನ್ನು ಗೂಡಿನ ಹಿಂದೆ ಹೂಳಬೇಡಿ. ಬಾತ್‌ರೂಮಿನ ಹೊರಗೆ, ಕೈಗೆ ಸಿಗುವ ಜಾಗದಲ್ಲಿ ಇಡಿ. ದೂರವಾದರೆ ಬೆಳಕು ಇಳಿಯುತ್ತದೆ ಎಂಬ ಭಯ ಇಷ್ಟು ಸಣ್ಣ ಕೆಲಸದಲ್ಲಿ ಬೇಡ. 60 ಸೆಂ.ಮೀ. ಗೂಡಿಗೆ ಮೀಟರಿಗೆ 10 ವಾಟಿನ ಸ್ಟ್ರಿಪ್ ಎಳೆಯುವುದು ಕಾಲು ಆಂಪಿಯರ್. 1 ಚದರ ಮಿ.ಮೀ. ವೈರಿನಲ್ಲಿ ಐದು ಮೀಟರ್ ಹೋದರೂ ನಷ್ಟವಾಗುವುದು 0.05 ವೋಲ್ಟಿಗಿಂತ ಕಡಿಮೆ.

ಎಲ್ಲಿ ಕೆಡುತ್ತದೆ

ಐಪಿ 65 ಎಂದು ಬರೆದ ಲೈಟಿನೊಳಗೂ ನೀರು ನಿಂತಿರುವುದನ್ನು ಕಂಡವರು ಕಂಪನಿಯನ್ನು ಬೈಯುತ್ತಾರೆ. ಬಹಳ ಸಲ ತಪ್ಪು ಕೂರಿಸಿದ್ದರಲ್ಲಿರುತ್ತದೆ. ಟೈಲಿನ ಗೋಡೆಯ ಮೇಲೆ ಹಾಕಿದ ಲೈಟೊಂದನ್ನು ಬಿಚ್ಚಿ ನೋಡಿದರೆ ಸಂಗತಿ ಗೊತ್ತಾಗುತ್ತದೆ: ಹಿಂದಿನ ಗ್ಯಾಸ್ಕೆಟ್ ಟೈಲಿನ ನುಣುಪಿಗೆ ಬಿಗಿಯಾಗಿ ಅಂಟಿದೆ, ಆದರೆ ಎರಡು ಟೈಲುಗಳ ನಡುವಿನ ಗ್ರೌಟ್ ಗೆರೆ ಒಂದೆರಡು ಮಿ.ಮೀ. ತಗ್ಗಾಗಿ ಅದರಡಿಯಲ್ಲೇ ಹಾದುಹೋಗಿದೆ. ಮೇಲಿನಿಂದ ಇಳಿದ ನೀರು ಆ ಕಾಲುವೆ ಹಿಡಿದು ನೇರ ವೈರಿನ ತೂತಿಗೆ ಬರುತ್ತದೆ. ಇದಕ್ಕೆ ಲೈಟಿನ ಮೇಲಂಚಿಗೂ ಎರಡು ಪಕ್ಕಗಳಿಗೂ ಸಿಲಿಕೋನ್ ಎಳೆದು ಕೆಳಗಿನ ಅಂಚನ್ನು ತೆರೆದು ಬಿಡಬೇಕು. ಸುತ್ತಲೂ ಮುಚ್ಚಿದರೆ ಹೇಗೋ ಒಳಸೇರಿದ ನೀರಿಗೆ ಹೊರಹೋಗುವ ದಾರಿಯೇ ಇರುವುದಿಲ್ಲ.

ವೈರು ಒಳಹೋಗುವ ಗ್ಲ್ಯಾಂಡ್ ಕೂಡ ಹಾಗೆಯೇ. ದುಂಡನೆಯ ಒಂದು ಕೇಬಲ್ ಹಿಡಿಯಲೆಂದು ಮಾಡಿದ ರಬ್ಬರಿನಲ್ಲಿ ಮೂರು ಬಿಡಿ ವೈರು ತೂರಿಸಿದರೆ ನಡುವೆ ಸಂದಿ ಉಳಿಯುತ್ತದೆ. ಲೈಟು ಆರಿ ತಣ್ಣಗಾದಾಗ ಒಳಗಿನ ಗಾಳಿ ಕುಗ್ಗುತ್ತದೆ, ಆ ಸಂದಿಯಿಂದ ಹಬೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ದಿನಕ್ಕೆರಡು ಸಲ ಹೀಗೆ ಉಸಿರಾಡಿದರೆ ಕೆಲವೇ ತಿಂಗಳಲ್ಲಿ ಮುಚ್ಚಳದೊಳಗೆ ಹನಿ ಕೂರುತ್ತದೆ. ಮೂರೂ ವೈರಿನ ಮೇಲೆ ಒಂದೇ ಕವಚವಿರುವ ದುಂಡು ಕೇಬಲ್ ಹಾಕಿಸಿ.

ಟಾಯ್ಲೆಟ್ ತೊಳೆಯುವ ಆಸಿಡ್ಡಿನ ಆವಿ ಸಾದಾ ಉಕ್ಕಿನ ಸ್ಕ್ರೂಗಳನ್ನೂ ಕ್ರೋಮ್ ಲೇಪವನ್ನೂ ತಿನ್ನುತ್ತದೆ. ಪ್ಲಾಸ್ಟಿಕ್ ಮೈ, ಸ್ಟೇನ್‌ಲೆಸ್ ಸ್ಕ್ರೂ ಇರುವುದು ಹೆಚ್ಚು ಬಾಳುತ್ತದೆ, ನೋಡಲು ಅಷ್ಟು ಶ್ರೀಮಂತವಾಗಿರದಿದ್ದರೂ.

ಸ್ವಿಚ್ ಆರಿಸಿದ ಮೇಲೂ ಲೈಟು ಮಿಣುಕುತ್ತಿದ್ದರೆ ಮೊದಲು ಸ್ವಿಚ್ಚಿನಲ್ಲಿ ಪುಟ್ಟ ಸೂಚಕ ದೀಪವಿದೆಯೇ ನೋಡಿ. ಅದರ ಮೂಲಕ ಹರಿಯುವ ಅಲ್ಪ ಕರೆಂಟೇ ಎಲ್‌ಇಡಿಗೆ ಸಾಕಾಗುತ್ತದೆ. ಸೂಚಕವಿಲ್ಲದೆಯೂ ಮಿಣುಕಿದರೆ ಸ್ವಿಚ್ಚನ್ನು ಫೇಸಿನ ಬದಲು ನ್ಯೂಟ್ರಲಿಗೆ ಹಾಕಿರುವ ಸಾಧ್ಯತೆ ಇದೆ. ಆಗ ಸ್ವಿಚ್ ಆರಿದ್ದರೂ ಲೈಟಿನಲ್ಲಿ ಕರೆಂಟು ಇದ್ದೇ ಇರುತ್ತದೆ. ಒದ್ದೆ ಕೋಣೆಯಲ್ಲಿ ಇದು ಅಪಾಯ, ಎಲೆಕ್ಟ್ರಿಷಿಯನ್ನರನ್ನು ಕರೆಸಿ ಸರಿಮಾಡಿಸಿ.

ಸೆನ್ಸಾರ್ ಬೇಕೆನ್ನುವವರಿಗೊಂದು ಮಾತು. ದೇಹದ ಶಾಖ ಗುರುತಿಸುವ ಪಿಐಆರ್ ಸೆನ್ಸಾರಿಗೆ ಶವರಿನ ಗಾಜಿನಾಚೆ ಇರುವವರು ಕಾಣುವುದಿಲ್ಲ. ತಲೆಗೆ ಸೋಪು ಹಚ್ಚಿಕೊಂಡಿರುವಾಗಲೇ ಲೈಟು ಆರುತ್ತದೆ. ಮೈಕ್ರೋವೇವ್ ಸೆನ್ಸಾರ್ ಗಾಜಿನ ಮೂಲಕ ನೋಡುತ್ತದೆ, ಆದರೆ ತೆಳು ಗೋಡೆ ಬಾಗಿಲಿನ ಮೂಲಕವೂ ನೋಡುವುದರಿಂದ ಹೊರಗೆ ಯಾರು ಓಡಾಡಿದರೂ ಹೊತ್ತಿಕೊಳ್ಳುತ್ತದೆ. ರಾತ್ರಿಯ ಸಣ್ಣ ದೀಪಕ್ಕೆ ಸೆನ್ಸಾರ್ ಇಡಿ, ದೊಡ್ಡದಕ್ಕೆ ಸ್ವಿಚ್ಚೇ ಇರಲಿ.

ಯಾರಿಗೆ ಯಾವುದು

ಬಾಡಿಗೆ ಮನೆ, ಇರುವುದು ಒಂದೇ ಪಾಯಿಂಟ್, ಗೋಡೆ ಕೊರೆಯುವಂತಿಲ್ಲ: ಅದೇ ಪಾಯಿಂಟಿಗೆ 12–15 ವಾಟಿನ ಐಪಿ 65 ಮುಚ್ಚಿದ ಲೈಟು, 4000 ಕೆಲ್ವಿನ್. ಹೊರಡುವಾಗ ಬಿಚ್ಚಿಕೊಂಡು ಹೋಗಬಹುದು.

ಕೈ ಬಿಗಿ, ಆದರೆ ವೈರಿಂಗ್ ಹೊಸದಾಗಿ ಆಗುತ್ತಿದೆ: ಸೀಲಿಂಗಿಗೆ 8–9 ವಾಟಿನ ಮುಚ್ಚಿದ ಲೈಟು, ಕನ್ನಡಿಯ ಮೇಲೆ ಐಪಿ 44ರ ಅಡ್ಡ ದೀಪ 6–8 ವಾಟಿನದು, ಎರಡಕ್ಕೂ ಬೇರೆ ಬೇರೆ ಸ್ವಿಚ್. ಹತ್ತರಲ್ಲಿ ಎಂಟು ಮನೆಗೆ ಇಷ್ಟೇ ಬೇಕಾಗಿರುವುದು. ಒಂದು ಕೆಟ್ಟ ದಿನ ಇನ್ನೊಂದಿರುತ್ತದೆ ಎಂಬುದೂ ಸಣ್ಣ ಲಾಭವಲ್ಲ. ಗೂಡಿನ ಕಡೆಗೊಂದು ಖಾಲಿ ಪೈಪು ಹೂಳಿಸಿಟ್ಟರೆ ಸ್ಟ್ರಿಪ್ ಮುಂದೆ ಯಾವಾಗಲಾದರೂ ಹಾಕಿಕೊಳ್ಳಬಹುದು.

ಫಾಲ್ಸ್ ಸೀಲಿಂಗ್ ಹೇಗೂ ಬರುತ್ತಿದೆ, ಮೇಲೆ ಪೈಪು ಮುಚ್ಚಲೆಂದು: ಎರಡು ಅಗಲ ಕೋನದ ಡೌನ್‌ಲೈಟ್, ಜೊತೆಗೆ ಮುಂದಕ್ಕೆ ಬೆಳಕು ಬೀರುವ ಕನ್ನಡಿ. ಡ್ರೈವರುಗಳನ್ನು ತೆಗೆಯಲು ಸೀಲಿಂಗಿನಲ್ಲಿ ಒಂದು ಮುಚ್ಚಳದ ಬಾಗಿಲು ಬಿಡಿಸಿ.

ಮನೆಯಲ್ಲಿ ವಯಸ್ಸಾದವರಿದ್ದರೆ ಒಟ್ಟು ಲ್ಯೂಮೆನ್ ಒಂದೂವರೆ ಪಟ್ಟು ಮಾಡಿ, ಆದರೆ ಕಣ್ಣಿಗೆ ನೇರ ಹೊಡೆಯುವ ದೀಪ ಬೇಡ. ಹೊಳಪಿನ ನೆಲದ ಮೇಲೆ ಡೌನ್‌ಲೈಟಿನ ಪ್ರತಿಬಿಂಬ ಬಿದ್ದರೆ ಎಲ್ಲಿ ಒದ್ದೆ, ಎಲ್ಲಿ ಒಣ ಎಂದು ಗೊತ್ತಾಗುವುದಿಲ್ಲ. ಕೌಂಟರಿನಡಿ ಮಂದ ಸ್ಟ್ರಿಪ್ ಇವರಿಗೆ ಷೋಕಿಯಲ್ಲ, ರಾತ್ರಿ ನಿಜಕ್ಕೂ ಬೇಕಾದ್ದು.

ಎಲ್ಲ ಹಾಕಿಸಿದ ಮೇಲೆ, ಎಲೆಕ್ಟ್ರಿಷಿಯನ್ನರ ಬಾಕಿ ಕೊಡುವ ಮುಂಚೆ, ಬಾಗಿಲು ಮುಚ್ಚಿ ಬಿಸಿನೀರಿನ ಶವರ್ ಹದಿನೈದು ನಿಮಿಷ ಬಿಟ್ಟು, ಲೈಟು ಹಚ್ಚಿಯೇ ಇಟ್ಟಿರಿ. ಆಮೇಲೆ ಆರಿಸಿ ಒಂದು ಗಂಟೆ ತಣಿಯಲು ಬಿಡಿ. ಮುಚ್ಚಳದ ಹೊರಗಿನ ಹನಿಯನ್ನು ಬಟ್ಟೆಯಲ್ಲಿ ಒರೆಸಿ ನೋಡಿ. ಒರೆಸಿದ ಮೇಲೂ ಮಂಜು ಉಳಿದಿದ್ದರೆ ಅದು ಒಳಗಿನದು. ಎಂಸಿಬಿ ಇಳಿಸಿ, ಲೈಟು ಬಿಚ್ಚಿಸಿ, ಗ್ಯಾಸ್ಕೆಟ್ ಮತ್ತು ಗ್ಲ್ಯಾಂಡ್ ಸರಿಯಾಗಿ ಕೂರಿಸಲು ಹೇಳಿ.